ಕರಿಬೇವು ಎಲ್ಲಿ ಸಿಗುತ್ತೆ?

ಹಾಸನದ ಓದುಗರೊಬ್ಬರ ಪತ್ರ ಮೂರು ವಾರದಿಂದ ನನ್ನ ಮೇಜಿನ ಮೇಲಿದೆ. ಅದರ ಸಾರ ಇಷ್ಟು:

"ನಾನು ನಿವೃತ್ತ ಶಿಕ್ಷಕಿ. ಮಗ ವೈಟ್‌ಫೀಲ್ಡ್‌ನಲ್ಲಿ ಕೆಲಸಕ್ಕಿದ್ದಾನೆ. ಇಲ್ಲಿನ ಸೈಟು ಮಾರಿ, ಅದಕ್ಕೆ ಮಗನ ಸಾಲ ಸೇರಿಸಿ ಬೆಂಗಳೂರಲ್ಲಿ ಮನೆ ತಗೋಬೇಕು ಅಂತಿದ್ದೇವೆ. ಎರಡು ಮನೆ ನೋಡಿದ್ದಾಯಿತು. ಒಂದು ಕೆಂಗೇರಿ ಉಪನಗರದಲ್ಲಿ, 18 ವರ್ಷದ ಹಳೇ ಕಟ್ಟಡದ ಎರಡನೇ ಮಹಡಿ. ಇನ್ನೊಂದು ಸರ್ಜಾಪುರ ದಾಟಿ, ಹೊಸ ಗೇಟೆಡ್ ಅಪಾರ್ಟ್‌ಮೆಂಟಿನ 14ನೇ ಮಹಡಿ. ಈಜುಕೊಳ, ಜಿಮ್ಮು ಎಲ್ಲ ಇದೆ. ಮಗನಿಗೆ ಎರಡನೆಯದು ಇಷ್ಟ. ನನಗೆ ಯಾಕೋ ಮೊದಲನೆಯದು. ಇದು ಮುದುಕಿಯ ಹಠವೇ?"

ಮೇಡಂ, ಮೊದಲು ಒಂದು ತಕರಾರು. ನಿಮ್ಮ ಪತ್ರದಲ್ಲಿ ಟೈಲ್ಸ್ ಬಗ್ಗೆ ಆರು ಸಾಲಿದೆ. ಮಾಡ್ಯುಲರ್ ಕಿಚನ್ನಿಗೆ ನಾಲ್ಕು. ನೀರಿಗೆ ಒಂದು ಸಾಲೂ ಇಲ್ಲ. ಜೀವನವಿಡೀ ಮಕ್ಕಳ ಉತ್ತರಪತ್ರಿಕೆ ತಿದ್ದಿದ ನೀವೇ ಮುಖ್ಯ ಪ್ರಶ್ನೆ ಬಿಟ್ಟುಬಿಟ್ಟರೆ ಹೇಗೆ? ಅದಿರಲಿ. ನಿಮ್ಮದು ಹಠವಲ್ಲ, ಮೂಗು. ಅಡುಗೆ ಸೀಯುವ ಮೊದಲೇ ಗೊತ್ತಾಗುತ್ತಲ್ಲ, ಆ ಮೂಗು.

ಗೇಟೆಡ್ ಮನೆಗಳ ಬಗ್ಗೆ ನ್ಯಾಯವಾಗಿ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಲಿಫ್ಟ್ ಇರುತ್ತೆ. ಕರೆಂಟ್ ಹೋದರೆ ಜನರೇಟರ್ ಇರುತ್ತೆ. ಮೊಮ್ಮಕ್ಕಳು ವಾಹನದ ಭಯವಿಲ್ಲದೆ ಆಡುತ್ತಾರೆ. ಸರಿ, ಹೇಳಿದ್ದಾಯಿತು.

ಮನೆ ನೋಡಲು ಹೋದಾಗ ನಾನು ಕೇಳುವುದು ಒಂದೇ: ಒಗ್ಗರಣೆಗೆ ಇಟ್ಟ ಮೇಲೆ ಕರಿಬೇವು ಇಲ್ಲ ಅಂತ ಗೊತ್ತಾದರೆ ಎಲ್ಲಿಗೆ ಹೋಗುತ್ತೀರಿ? ನಗಬೇಡಿ. ನನ್ನ ಗೆಳೆಯನೊಬ್ಬ ನಿಮ್ಮ ಮಗ ಮೆಚ್ಚಿದಂಥದ್ದೇ ಒಂದು ಕಡೆ ಇದ್ದಾನೆ. ಒಂದು ಭಾನುವಾರ ಊಟಕ್ಕೆ ಕರೆದಿದ್ದ. ಸಾರಿಗೆ ಕರಿಬೇವಿಲ್ಲ. ಫೋನ್ ತೆಗೆದು ಒತ್ತಿದ. ಇಷ್ಟೇ ತರಿಸಿದರೆ ಡೆಲಿವರಿಗೇ ದುಡ್ಡು ಜಾಸ್ತಿ ಅಂತ ಎರಡು ಸೋಪು, ಒಂದು ಬಿಸ್ಕತ್ತು ಸೇರಿಸಿದ. ಹದಿನೈದು ನಿಮಿಷಕ್ಕೆ ಗೇಟಿನಿಂದ ಸೆಕ್ಯುರಿಟಿಯವನು ಇಂಟರ್‌ಕಾಮ್ ಮಾಡಿದ. ಇವನು 'ಬಿಡಿ' ಅಂದ. ಹುಡುಗನಿಗೆ ಮುಂದಿನ ಲಿಫ್ಟ್ ಹತ್ತುವ ಹಾಗಿಲ್ಲವಂತೆ, ಸುತ್ತಿ ಬಂದ. ಪ್ಲಾಸ್ಟಿಕ್ ಕವರಿನಲ್ಲಿ ಎಂಟು ಕಡ್ಡಿ ಕರಿಬೇವು. ಅಷ್ಟು ಹೊತ್ತಿಗೆ ನಾವು ಅದಿಲ್ಲದ ಸಾರನ್ನೇ ಉಂಡಾಗಿತ್ತು.

ಇನ್ನು ಕೆಂಗೇರಿ. ಹಳೇ ಪೇಟೆಯ ಕಡೆ ಸಂಜೆ ಹೋಗಿ ನೋಡಿ. ನನ್ನ ಖಾಯಂ ತರಕಾರಿಯಮ್ಮ ಒಬ್ಬರಿದ್ದಾರೆ. ಬದನೆಕಾಯಿ ಹಿಚುಕಿದರೆ "ಅದೇನು ರಬ್ಬರ್ ಚೆಂಡಾ ಸ್ವಾಮಿ?" ಅಂತ ಗದರುತ್ತಾರೆ. ಲೆಕ್ಕ ಮುಗಿದ ಮೇಲೆ, ಕೇಳದಿದ್ದರೂ, ಗೋಣಿ ಕೆಳಗಿಂದ ಒಂದು ಹಿಡಿ ಕರಿಬೇವು ಎಳೆದು ಚೀಲಕ್ಕೆ ತುರುಕುತ್ತಾರೆ. ಅದಕ್ಕೆ ದುಡ್ಡು ಕೇಳುವುದು ಅವರಿಗೆ ಅವಮಾನ, ಕೊಡಲು ಹೋಗುವುದು ನಮಗೆ ಅವಮಾನ. ಇದನ್ನು ಯಾವ ಬ್ರೋಷರಿನಲ್ಲೂ 'ಸೌಲಭ್ಯ' ಅಂತ ಹಾಕುವುದಿಲ್ಲ.

ಕೆಂಗೇರಿ ಸ್ವರ್ಗವೇನಲ್ಲ. ವೃಷಭಾವತಿ ನದಿ ಮೈಸೂರು ರಸ್ತೆಯ ಪಕ್ಕದಲ್ಲೇ ನಗರದ ಕೊಳಚೆ ಹೊತ್ತು ಬೈರಮಂಗಲದ ಕಡೆಗೆ ಹರಿಯುತ್ತೆ. ಕೆಲವು ಸಂಜೆ ಗಾಳಿ ತಿರುಗಿದರೆ ಕಿಟಕಿ ಹಾಕಬೇಕು. ನೀವು ನೋಡಿದ ಮನೆ ನದಿಯಿಂದ ಎಷ್ಟು ದೂರ ಅಂತ ನಡೆದೇ ನೋಡಿ. ಮಂಡಿ ನೋವಿದ್ದರೆ ಆ ಹಳೇ ಕಟ್ಟಡಕ್ಕೆ ಲಿಫ್ಟ್ ಇದೆಯಾ ಅನ್ನುವುದನ್ನೂ ಖಾತ್ರಿ ಮಾಡಿಕೊಳ್ಳಿ.

ಮಗ ಆಫೀಸಿಗೆ ದೂರ ಅನ್ನುತ್ತಾನೆ, ಅಲ್ವಾ? ನಿಜ, ದೂರವೇ. ಆದರೆ 2023ರ ಅಕ್ಟೋಬರ್‌ನಿಂದ ಮೆಟ್ರೋದ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೂ ಓಡುತ್ತಿದೆ. ಕೆಂಗೇರಿ ಈ ತುದಿಯಿಂದ ಎರಡನೇ ನಿಲ್ದಾಣ, ಹಾಗಾಗಿ ಸಾಮಾನ್ಯವಾಗಿ ಸೀಟು ಸಿಗುತ್ತೆ. 2025ರ ಫೆಬ್ರವರಿಯಲ್ಲಿ ದರ ಏರಿಸಿ ಗರಿಷ್ಠ ಟಿಕೆಟ್ 60 ರೂಪಾಯಿಯಿಂದ 90ಕ್ಕೆ ಹೋಯಿತು. ಅದಕ್ಕೆ ನಾನೂ ಬೈದಿದ್ದೇನೆ. ಆದರೂ ಕೂತು ನಿದ್ದೆ ಮಾಡುತ್ತಾ ಹೋಗಬಹುದು. ಸರ್ಜಾಪುರಕ್ಕೆ ಮೆಟ್ರೋ ಬರುತ್ತೆ ಅನ್ನುವ ಮಾತೇನೋ ಇದೆ, ಹಳಿ ಬಿದ್ದಿಲ್ಲ. ಅಲ್ಲಿಂದ ದೂರ ಕಡಿಮೆ ಇರಬಹುದು. ಆದರೆ ಬೆಳಿಗ್ಗೆ ಎಂಟೂವರೆಗೆ ಆ ರಸ್ತೆಗೆ ಇಳಿದವರಿಗೆ ಕಿಲೋಮೀಟರಿನ ಲೆಕ್ಕ ಮರೆತೇ ಹೋಗುತ್ತೆ.

ಈಗ ನೀವು ಕೇಳದ ನೀರು. ಕಾವೇರಿ ನೀರು ತೊರೆಕಾಡನಹಳ್ಳಿ ಕಡೆಯಿಂದ ಸುಮಾರು 100 ಕಿ.ಮೀ. ದೂರ, ಹತ್ತಿರ ಹತ್ತಿರ ಅರ್ಧ ಕಿ.ಮೀ. ಎತ್ತರ ಹತ್ತಿ ಬರಬೇಕು. 2007ರಲ್ಲಿ ಏಳು ನಗರಸಭೆ, ಕೆಂಗೇರಿ ಪುರಸಭೆ, 110 ಹಳ್ಳಿ ಎಲ್ಲ ಸೇರಿಸಿ ಬೃಹತ್ ಬೆಂಗಳೂರು ಅಂದರು. ಆ 110 ಹಳ್ಳಿಗಳಿಗೆ ನೀರು ಕೊಡುವ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿದ್ದು 2024ರ ಅಕ್ಟೋಬರ್‌ನಲ್ಲಿ. ಸೇರಿಸುವುದಕ್ಕೆ ಒಂದು ಆದೇಶ ಸಾಕಾಯಿತು, ನೀರಿಗೆ 17 ವರ್ಷ ಬೇಕಾಯಿತು. ಸರ್ಜಾಪುರವೋ ಆನೇಕಲ್ ತಾಲ್ಲೂಕು, ಆ 110ರ ಪಟ್ಟಿಯಲ್ಲೂ ಇಲ್ಲ. ಬೋರ್‌ವೆಲ್ ಎಷ್ಟು ಅಡಿ, ಬೇಸಿಗೆಯಲ್ಲಿ ದಿನಕ್ಕೆ ಎಷ್ಟು ಟ್ಯಾಂಕರ್ ಅಂತ ಸೇಲ್ಸ್ ಹುಡುಗನನ್ನು ಕೇಳಬೇಡಿ, ಸೆಕ್ಯುರಿಟಿಯವನನ್ನು ಕೇಳಿ. ಟ್ಯಾಂಕರಿಗೆ ಗೇಟ್ ತೆಗೆಯುವವನು ಅವನೇ. 2024ರ ಬೇಸಿಗೆಯಲ್ಲಿ ಈಜುಕೊಳಕ್ಕೆ, ಕಾರು ತೊಳೆಯೋಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಅಂತ ನಗರದಲ್ಲಿ ಆದೇಶವಾಗಿತ್ತು. ಆಗ ನನ್ನ ಗೆಳೆಯನ ಅಪಾರ್ಟ್‌ಮೆಂಟಿನ ಈಜುಕೊಳ ಒಣಗಿ, ನೀಲಿ ಟೈಲ್ಸ್ ಮೇಲೆ ಮಕ್ಕಳು ಕ್ರಿಕೆಟ್ ಆಡುತ್ತಿದ್ದರು. ಪಿಚ್ ಚೆನ್ನಾಗಿತ್ತಂತೆ.

ಅಳತೆ ವಿಷಯ ಎರಡೇ ಮಾತು. ಸೂಪರ್ ಬಿಲ್ಟಪ್ ಅಂದರೆ ಮೆಟ್ಟಿಲು, ಲಾಬಿ, ಲಿಫ್ಟಿನ ಪಾಲು ಎಲ್ಲ ಸೇರಿದ್ದು. ಕಾರ್ಪೆಟ್ ಏರಿಯಾ ಅಂದರೆ ಮನೆಯೊಳಗೆ ನಾವು ನಿಜವಾಗಿ ಬಳಸುವ ಜಾಗ. 2016ರ ರೇರಾ ಕಾಯ್ದೆ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣದ ಕಾಯ್ದೆ, ಅದನ್ನು ಬಿಡಿಸಿ ಹೇಳಿದೆ, ಅದನ್ನೇ ಕೇಳಿ. ಟೇಪು ನೀವೇ ಒಯ್ಯಿರಿ. ಕಾಗದಪತ್ರ ಬಿಲ್ಡರ್ ತೋರಿಸಿದ ವಕೀಲರಿಗಲ್ಲ, ನಿಮ್ಮ ವಕೀಲರಿಗೆ ಕೊಡಿ. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 1ರಿಂದ 2 ಆಗಿದೆ. ಆ ದುಡ್ಡನ್ನೂ ತೆಗೆದಿಡಿ.

ನನ್ನ ನಿಜವಾದ ಸಿಟ್ಟು ಬೇರೆಯೇ ಇದೆ. ನಿಮ್ಮ ಪತ್ರದಲ್ಲಿ ಎರಡನೇ ಮನೆಗೆ ಯಾವುದೋ ಇಟಲಿ ಪಟ್ಟಣದ ಹೆಸರಿದೆ. ಅದು ನಿಂತ ಹಳ್ಳಿಯ ಹೆಸರೇನು? ನೀವು ಬರೆದಿಲ್ಲ, ಬಹುಶಃ ನಿಮಗೆ ಯಾರೂ ಹೇಳಿಲ್ಲ. 'ಬೆಂಗಳೂರು' ಅನ್ನುವ ಹೆಸರಿನ ಹಳೇ ಕಲ್ಲು ಸಿಕ್ಕಿದ್ದು ಕೋಟೆಯಲ್ಲೂ ಅಲ್ಲ, ಪೇಟೆಯಲ್ಲೂ ಅಲ್ಲ. ಬೇಗೂರಿನಲ್ಲಿ. ಸುಮಾರು ಕ್ರಿ.ಶ. 900ರ ವೀರಗಲ್ಲು, 'ಬೆಂಗಳೂರು ಕಾಳಗ'ದ್ದು. ನಾವು ಊರಾಚೆ ಅನ್ನುವ ಜಾಗ ಊರಿಗಿಂತ ಹಳೆಯದು. ಬೊಮ್ಮಸಂದ್ರ, ಸಿಂಗಸಂದ್ರ ಅನ್ನುತ್ತೇವಲ್ಲ, ಆ ಸಂದ್ರ ಅಂದರೆ ಸಮುದ್ರ, ಅಂದರೆ ಕೆರೆ. ಇಲ್ಲಿ ನೀರು ನಿಲ್ಲುತ್ತೆ ಅಂತ ಅಜ್ಜಂದಿರು ಹೆಸರಲ್ಲೇ ಬರೆದಿಟ್ಟಿದ್ದರು. ನಾವು ಹೆಸರು ಅಳಿಸಿ ವಿಲ್ಲಾ ಕಟ್ಟಿದೆವು. 2022ರ ಸೆಪ್ಟೆಂಬರಿನ ಮಳೆಗೆ ಸರ್ಜಾಪುರ ರಸ್ತೆಯ ವಿಲ್ಲಾದವರು ಟ್ರ್ಯಾಕ್ಟರಿನಲ್ಲಿ ನಿಂತು ಆಚೆ ಬಂದರು. ಪುಣ್ಯಕ್ಕೆ ಪಟ್ಟಣಗೆರೆ, ನಾಯಂಡಹಳ್ಳಿ, ಚಲ್ಲಘಟ್ಟ ಮೆಟ್ರೋ ಬೋರ್ಡಿನಲ್ಲಾದರೂ ಉಳಿದಿವೆ.

ಒಂದು ಕೆಲಸ ಮಾಡಿ. ಭಾನುವಾರ ಬೇಡ, ಬುಧವಾರ ಬನ್ನಿ. ಮಳೆ ಬರುವ ಸಂಜೆಯಾದರೆ ಇನ್ನೂ ಒಳ್ಳೆಯದು. ಎರಡೂ ಕಡೆ ಕೊಡೆ ಹಿಡಿದು ಅರ್ಧ ಗಂಟೆ ನಡೆಯಿರಿ. ಮಗನನ್ನೂ ಕರೆತನ್ನಿ, ಕಾರು ಬಿಟ್ಟು.

ಮನೆ ಯಾವುದೇ ಆಗಲಿ, ಪತ್ರಿಕೆ ತಲುಪಬೇಕಲ್ಲ, ಹೊಸ ವಿಳಾಸವನ್ನು ಮೂರು ವಾರ ಮುಂಚೆ ನಮಗೆ ಕಳಿಸಿ. ಗೇಟೆಡ್ ಆದರೆ ಟವರ್, ಫ್ಲ್ಯಾಟ್ ನಂಬರ್, ಸೆಕ್ಯುರಿಟಿಯವರ ಫೋನ್ ಎಲ್ಲ ಬರೆಯಿರಿ. ಅಂಥ ಕಡೆ ಇರುವ ಚಂದಾದಾರರೊಬ್ಬರ ನಾಲ್ಕು ಸಂಚಿಕೆ 'ಒಳಗೆ ಬಿಡಲಿಲ್ಲ' ಅನ್ನುವ ಷರಾ ಹೊತ್ತು ವಾಪಸ್ ಬಂದು ಇಲ್ಲೇ ಕಪಾಟಿನಲ್ಲಿವೆ.

— ಸಂ.