ಬಾಟಲಿ ತಿರುಗಿಸಿ ನೋಡಿದರೆ ಕೊಬ್ಬರಿ ಎಣ್ಣೆ!

ಪ್ರಶ್ನೆ: ಅಕ್ಕಾ, ಚಳಿಗಾಳಿ ಶುರುವಾದರೆ ಸಾಕು, ನನ್ನ ಕೈ, ಹಿಮ್ಮಡಿ ಎಲ್ಲ ಒಡೆಯುತ್ತವೆ. ಅವ್ವ ಕುಸುಬಿ ಎಣ್ಣೆ ಹಚ್ಚು ಅಂತಾಳೆ. ನಾನು ಲೋಶನ್ ತಂದೆ. ಬಾಟಲಿ ಹಿಂದೆ ಕ್ಯಾಪ್ರಿಲಿಕ್-ಕ್ಯಾಪ್ರಿಕ್ ಟ್ರೈಗ್ಲಿಸರೈಡ್, ಸೀಟಿಯರಿಲ್ ಆಲ್ಕೋಹಾಲ್, ಸ್ಕ್ವಾಲೇನ್ ಅಂತೆಲ್ಲ ಬರೆದಿದೆ. ಟ್ರೈಗ್ಲಿಸರೈಡ್ ಜಾಸ್ತಿ ಅಂತ ನಮ್ಮಪ್ಪ ಮಾತ್ರೆ ತಗೊಳ್ತಾರೆ, ಅದನ್ನೇ ನಾನು ಮೈಗೆ ಹಚ್ಚಬೇಕಾ? ಆಲ್ಕೋಹಾಲ್ ಚರ್ಮ ಒಣಗಿಸಲ್ವಾ? ಸ್ಕ್ವಾಲೇನ್ ಶಾರ್ಕ್ ಮೀನಿನದಂತೆ, ನಮ್ಮದು ಸಸ್ಯಾಹಾರಿ ಮನೆ.
ಓದುಗಿ, ಗದಗ

ಉತ್ತರ: ನಿಮ್ಮ ಅವ್ವನೂ ನೀವೂ ಜಗಳ ಆಡುತ್ತಿರುವುದು ಒಂದೇ ವಸ್ತುವಿನ ಬಗ್ಗೆ. ಆ ಮೂರು ಹೆಸರುಗಳ ಮೂಲ ಹುಡುಕುತ್ತಾ ಹೋದರೆ ಸಿಗುವುದು ಸಾಮಾನ್ಯವಾಗಿ ಗಿಡದ ಎಣ್ಣೆಯೇ.

ಮೊದಲು ಅಪ್ಪನ ವಿಷಯ. ಟ್ರೈಗ್ಲಿಸರೈಡ್ ಅಂದರೆ ಎಣ್ಣೆ, ಅಷ್ಟೇ. ಶೇಂಗಾ ಎಣ್ಣೆ, ತುಪ್ಪ, ಕುಸುಬಿ ಎಣ್ಣೆ, ಎಲ್ಲವೂ ಬಹುಪಾಲು ಅದೇ: ಒಂದು ಗ್ಲಿಸರಿನ್ನಿಗೆ ಮೂರು ಕೊಬ್ಬಿನಾಮ್ಲ ಬಾಲದ ಹಾಗೆ ಅಂಟಿಕೊಂಡಿರುತ್ತವೆ. ರಕ್ತದಲ್ಲಿರುವುದೂ ಅದೇ ಜಾತಿಯದು, ನಿಜ. ಆದರೆ ಕೈಗೆ ಲೋಶನ್ ಹಚ್ಚಿದ್ದಕ್ಕೆ ರಕ್ತದ ರಿಪೋರ್ಟ್ ಏರುವುದಿಲ್ಲ, ನಿಶ್ಚಿಂತೆಯಾಗಿ ಹಚ್ಚಿ.

ಇನ್ನು ಆ ಕ್ಯಾಪ್ರಿಲಿಕ್-ಕ್ಯಾಪ್ರಿಕ್. ಜನವರಿಯಲ್ಲಿ ಹುಬ್ಬಳ್ಳಿಯ ನಮ್ಮ ಬಚ್ಚಲಲ್ಲಿ ಕೊಬ್ಬರಿ ಎಣ್ಣೆ ಬಾಟಲಿ ಬೆಳಗ್ಗೆ ಬೆಳ್ಳಗೆ ಗಟ್ಟಿಯಾಗಿ ಕೂತಿರುತ್ತದೆ, ಬಿಸಿನೀರಿನ ಬಕೆಟ್ಟಿಗೆ ಬಿಟ್ಟರೆ ಹಲ್ಲುಜ್ಜುವಷ್ಟರಲ್ಲಿ ಸುತ್ತ ಕರಗಿ, ನಡುವಿನ ಗಡ್ಡೆ ಮಾತ್ರ ಒಳಗೆ ಲೊಟಲೊಟ ಅಲ್ಲಾಡುತ್ತಿರುತ್ತದೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದರ ಪಾಡು ಅದು. ಕೊಬ್ಬರಿ ಎಣ್ಣೆಯಲ್ಲೋ ತಾಳೆ ಬೀಜದ ಎಣ್ಣೆಯಲ್ಲೋ ಇರುವ ಚಿಕ್ಕ ಬಾಲಗಳನ್ನಷ್ಟೇ, ಅಂದರೆ 8 ಮತ್ತು 10 ಕಾರ್ಬನ್ ಇರುವವನ್ನು, ಬೇರೆ ಮಾಡಿ ಮತ್ತೆ ಗ್ಲಿಸರಿನ್ನಿಗೆ ಜೋಡಿಸಿದರೆ ನಿಮ್ಮ ಬಾಟಲಿಯ ವಸ್ತು ತಯಾರು. ತೆಳ್ಳಗಿರುತ್ತದೆ, ವಾಸನೆ ಇಲ್ಲ, ನಮ್ಮ ಚಳಿಗೆ ಗಟ್ಟಿಯಾಗಲ್ಲ, ಬೇಗ ಕಮಟೂ ಆಗಲ್ಲ. ಕಂಪನಿಯವರಿಗೆ ಇನ್ನೇನು ಬೇಕು?

ಸೀಟಿಯರಿಲ್ ಆಲ್ಕೋಹಾಲ್ ಹೆಸರಿಗೆ ಮಾತ್ರ ಆಲ್ಕೋಹಾಲ್. ನೋಡಲು ಮೇಣದ ಬಿಳಿ ಚಕ್ಕೆ. ಇದನ್ನೂ ಸಾಮಾನ್ಯವಾಗಿ ತಾಳೆ, ತೆಂಗಿನ ಎಣ್ಣೆಯಿಂದ ಮಾಡುತ್ತಾರೆ. ಲೋಶನ್ ದಪ್ಪಗಿರುವುದು, ಎಣ್ಣೆ-ನೀರು ಬೇರೆಯಾಗದೆ ಇರುವುದು ಇದರ ಸಹಾಯದಿಂದ. ಚರ್ಮ ಒಣಗಿಸುವುದು 'ಆಲ್ಕೋಹಾಲ್ ಡಿನ್ಯಾಟ್', ಅಂದರೆ ಸ್ಪಿರಿಟ್, ಅದು ಪಟ್ಟಿಯ ಮೇಲ್ಗಡೆಯೇ ಇದ್ದರೆ ಆ ಬಾಟಲಿ ಅಂಗಡಿಯಲ್ಲೇ ಇರಲಿ.

ಶಾರ್ಕ್ ಕಥೆ ಸುಳ್ಳಲ್ಲ. 1906ರಲ್ಲಿ ಜಪಾನಿನ ಮಿತ್ಸುಮಾರು ತ್ಸುಜಿಮೊಟೊ ಸ್ಕ್ವಾಲೇನಿನ ಮೂಲವಸ್ತು ಸ್ಕ್ವಾಲೀನನ್ನು ಕಂಡುಹಿಡಿದದ್ದು ಶಾರ್ಕ್ ಪಿತ್ತಜನಕಾಂಗದ ಎಣ್ಣೆಯಲ್ಲೇ. ಈಗ ಆಲಿವ್‌ನಿಂದಲೂ ಕಬ್ಬಿನ ಸಕ್ಕರೆಯಿಂದಲೂ ಮಾಡುತ್ತಾರೆ. ಮಜಾ ಅಂದರೆ ನಮ್ಮ ಮುಖದ ಜಿಡ್ಡಿನಲ್ಲೂ ಸ್ಕ್ವಾಲೀನ್ ಇದೆ! ಬಾಟಲಿ ಮೇಲೆ ಹಸಿರು ಚುಕ್ಕಿ ಇದ್ದರೆ ಸರಿ, ಇಲ್ಲದಿದ್ದರೆ ಹಿಂದಿರುವ ನಂಬರಿಗೆ ಫೋನ್ ಮಾಡಿ ಕೇಳಿ, ಹೇಳುವುದು ಅವರ ಕೆಲಸ.

ಈಗ ಅವ್ವನ ಕುಸುಬಿ. ಜೋಳದ ಹೊಲದ ಸುತ್ತ ದನ ನುಗ್ಗದ ಹಾಗೆ ಬೇಲಿ ತರಹ ಬಿತ್ತುವ ಆ ಮುಳ್ಳುಗಿಡದ ಎಣ್ಣೆಯಲ್ಲಿ, ಸಾಮಾನ್ಯ ತಳಿಯಾದರೆ, ನೂರಕ್ಕೆ ಸುಮಾರು 70 ಪಾಲು ಲಿನೋಲಿಕ್ ಆಮ್ಲ. ಚರ್ಮದ ಮೇಲ್ಪದರ ಗಟ್ಟಿಯಾಗಿ ನಿಲ್ಲಲು ಬೇಕಾದ ಕೊಬ್ಬಿನಲ್ಲಿ ಇದೂ ಒಂದು. ಹಾಗಾಗಿ ಒಣ ಚರ್ಮಕ್ಕೆ ಅವ್ವ ಆರಿಸಿದ ಎಣ್ಣೆ ಚೆನ್ನಾಗಿದೆ. ಆದರೆ ಇದೇ ಲಿನೋಲಿಕ್ ಗಾಳಿ ಸೋಕಿದರೆ ಬೇಗ ಕಮಟಾಗುತ್ತದೆ. ಗಾಣದಿಂದ ಕಾಲು ಲೀಟರ್ ಸಾಕು, ಕತ್ತಲಲ್ಲಿ ಇಡಿ.

ನೀವು ಹಚ್ಚುವ ಹೊತ್ತೇ ತಪ್ಪಿರಬಹುದು ಅಂತ ನನ್ನ ಗುಮಾನಿ. ಎಣ್ಣೆ ಚರ್ಮಕ್ಕೆ ನೀರು ಕೊಡುವುದಿಲ್ಲ, ಇರುವ ನೀರು ಆರಿಹೋಗದ ಹಾಗೆ ನೋಡಿಕೊಳ್ಳುತ್ತದೆ. ಮಳೆಗಾಲಕ್ಕೆ ಮುಂಚೆ ಮಾಳಿಗೆ ಬಿರುಕಿಗೆ ಮಣ್ಣು ಮೆತ್ತುತ್ತಾರಲ್ಲ, ಹಾಗೆ ಒಣಗಿ ಎದ್ದ ಚರ್ಮದ ಸಂದುಗಳನ್ನು ತುಂಬುತ್ತದೆ. ಎಮೋಲಿಯೆಂಟ್ ಅನ್ನುವುದು ಇದಕ್ಕೇ. ಸ್ನಾನವಾಗಿ ಮೈ ಇನ್ನೂ ಹಸಿ ಇರುವಾಗಲೇ ಹಚ್ಚಿ. ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಸುಮ್ನೆ ಜಿಡ್ಡು. ಹಿಮ್ಮಡಿಯಲ್ಲಿ ರಕ್ತ ಬರುತ್ತಿದ್ದರೆ ಮಾತ್ರ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಸೀಸನ್‌ನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತೇನೆ. ನಾಲ್ಕು ಸಲ ಸಾಬೂನು ಹಾಕಿ ತೊಳೆದರೂ ರಾತ್ರಿಯೆಲ್ಲಾ ಕೈ ಉರಿ. ಏನು ಹಚ್ಚಲಿ?
ಓದುಗಿ, ಬ್ಯಾಡಗಿ

ಉತ್ತರ: ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತ ಊರೆಲ್ಲಾ ಹೊಗಳುತ್ತದೆ, ಆದರೆ ದಿನವಿಡೀ ಬಿಡಿಸಿದ ಕೈಗೆ ಆ ಮಾತು ಹೇಳಿ ಏನು ಪ್ರಯೋಜನ! ಖಾರದ ಕ್ಯಾಪ್ಸೈಸಿನ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಅದಕ್ಕೆ ಮೊದಲು ಒಂದು ಚಮಚ ಶೇಂಗಾ ಎಣ್ಣೆ ಕೈಗೆ ಹಾಕಿ, ಉಗುರಿನ ಸಂದಿಗೂ ತಿಕ್ಕಿ, ಹಳೆ ಬಟ್ಟೆಯಿಂದ ಚೆನ್ನಾಗಿ ಒರೆಸಿ. ಆಮೇಲೆ ಸಾಬೂನು. ಎರಡು ಸಲ ಹೀಗೆ ಮಾಡಿ. ಒರೆಸದೆ ಎಣ್ಣೆ ಹಾಗೇ ಬಿಟ್ಟರೆ ಖಾರ ಇನ್ನಷ್ಟು ಹರಡುತ್ತದೆ. ಆ ಬಟ್ಟೆ ಮಕ್ಕಳ ಕೈಗೆ ಸಿಗಬಾರದು. ಕೈ ಪೂರ್ತಿ ಸ್ವಚ್ಛವಾದ ಮೇಲೆ, ಮಲಗುವಾಗ ಕುಸುಬಿಯೋ ಕೊಬ್ಬರಿಯೋ ಹಚ್ಚಿಕೊಳ್ಳಿ. ಗ್ಲೌಸ್ ಹಾಕಿದರೆ ಕೈ ಓಡಲ್ಲ ಅನ್ನುತ್ತೀರಿ ಅಂತ ಗೊತ್ತು, ಆದರೂ ಒಂದು ಜೊತೆ ಹಾಕಿ ನೋಡಿ.

ಪ್ರಶ್ನೆ: ಔಡಲ ಎಣ್ಣೆ, ಕೊಬ್ಬರಿ ಎಣ್ಣೆ, ಸ್ವಲ್ಪ ಜೇನುಮೇಣ ಹಾಕಿ ತುಟಿಗೆ ಹಚ್ಚುವ ಮುಲಾಮು ಮಾಡಿದೆ. ಏಪ್ರಿಲ್‌ನಲ್ಲಿ ಪರ್ಸಿನಲ್ಲೇ ಕರಗಿ ಹರಿಯಿತು.
ಓದುಗಿ, ಧಾರವಾಡ

ಉತ್ತರ: ಮೇಣ ಸಾಲಲಿಲ್ಲ. ತೂಕದಲ್ಲಿ ಮೂರು ಪಾಲು ಎಣ್ಣೆಗೆ ಒಂದು ಪಾಲು ಮೇಣ ಹಾಕಿ, ಬರೀ ಮೇಣ ಕರಗಲು 60 ಡಿಗ್ರಿ ದಾಟಬೇಕು. ಕೊಬ್ಬರಿ ಎಣ್ಣೆ ಬದಲು ಶಿರಸಿ ಕಡೆಯ ಮುರುಗಲು ತುಪ್ಪ ಹಾಕಿದರೆ ಇನ್ನೂ ಚೆಂದ, ಅದು ಕರಗುವುದು 40 ಡಿಗ್ರಿ ಹತ್ತಿರ. ಔಡಲ ಎಣ್ಣೆ ಇರಲಿ. ಅಂಟು, ಹೊಳಪು ಅದರದ್ದೇ, ಲಿಪ್‌ಸ್ಟಿಕ್‌ನಲ್ಲೂ ಅದಕ್ಕೇ ಹಾಕುತ್ತಾರೆ. ಪರಿಮಳಕ್ಕೆ ಅಂತ ರೋಸ್ ವಾಟರ್ ಮಾತ್ರ ಹನಿಸಬೇಡಿ, ನೀರು ಸೇರಿದರೆ ಕೆಲವೇ ದಿನದಲ್ಲಿ ಬೂಷ್ಟು ಬರುತ್ತದೆ.