ಪ್ರಯೋಗಾಲಯ ಭೇಟಿಯ ಮನವಿಗೆ ಉತ್ತರ ಬಾರದಿದ್ದಾಗ
ಔಷಧೀಯ ಸಸ್ಯಗಳ ಕುರಿತು ಸಂಶೋಧನೆ ಮಾಡುತ್ತಿರುವ ನೀವು, ಭೇಟಿ ನೀಡಿ ಕಲಿಯಲು ಅವಕಾಶ ಕೋರಿ ಬಾಗಲಕೋಟೆಯಿಂದ ಬೆಳಗಾವಿಯ ಔಷಧಶಾಸ್ತ್ರ ಪ್ರಯೋಗಾಲಯಕ್ಕೆ ಕಳುಹಿಸಿದ ಮನವಿಗೆ ಉತ್ತರ ಬಾರದಿರಲು ಬಹುಶಃ ಕಾರಣ, ಕಲಿಯಬೇಕಾದ ತಂತ್ರ ಯಾವುದೆಂದು ತಿಳಿಸದೆ ‘ಪ್ರಯೋಗಾಲಯ ನೋಡಬೇಕು’ ಎಂದಷ್ಟೇ ಬರೆದಿರುವುದು. ಮೊದಲು ಒಂದೇ ತಂತ್ರವನ್ನು ಆರಿಸಿಕೊಳ್ಳಿ. ಇಲಿಯ ಪಾದದ ಊತದ ಮಾದರಿಯೋ (ಔಷಧ ಉರಿಯೂತವನ್ನು ತಗ್ಗಿಸುತ್ತದೆಯೇ ಎಂದು ನೋಡುವ ಪರೀಕ್ಷೆ), ಎಚ್‌ಪಿಎಲ್‌ಸಿಯಲ್ಲಿ (ದ್ರಾವಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರದಲ್ಲಿ) ಸಸ್ಯಸಾರದ ವಿಶ್ಲೇಷಣೆಯೋ ಎಂಬುದು ಸ್ಪಷ್ಟವಾದರೆ ಯಾರಲ್ಲಿ ಕಲಿಯಬೇಕೆಂಬುದೂ ಸ್ಪಷ್ಟವಾಗುತ್ತದೆ. ಬಳಿಕ ನಿಮ್ಮ ಸಂಶೋಧನಾ ಮಾರ್ಗದರ್ಶಕರ ಒಪ್ಪಿಗೆ ಪತ್ರವನ್ನೂ ಅನುಕೂಲವಾದ ದಿನಾಂಕಗಳನ್ನೂ ಸೇರಿಸಿ ಆ ಪ್ರಯೋಗಾಲಯವಿರುವ ವಿಭಾಗದ ಮುಖ್ಯಸ್ಥರಿಗೆ ಬರೆಯಿರಿ. ಪ್ರಾಣಿಗಳ ಮೇಲಿನ ಪ್ರಯೋಗವಾದರೆ ಆತುರ ಬೇಡ: ಆ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿ ಅನುಮೋದಿಸಿದ ಯೋಜನೆಯೊಳಗೇ ಕೆಲಸ ನಡೆಯಬೇಕಾದ್ದರಿಂದ, ನಿಮಗೆ ಕೈಯಾರೆ ಮಾಡುವ ಅವಕಾಶವಿದೆಯೇ ಅಥವಾ ನೋಡುವುದಕ್ಕಷ್ಟೇ ಅನುಮತಿಯೇ ಎಂಬುದನ್ನು ಹೊರಡುವ ಮೊದಲೇ ಲಿಖಿತವಾಗಿ ಕೇಳಿಕೊಳ್ಳಿ. ನಿಮ್ಮ ಸಂಶೋಧನೆ ಔಷಧೀಯ ಸಸ್ಯಗಳ ಕುರಿತಾದ್ದರಿಂದ, ಬೆಳಗಾವಿಯ ನೆಹರೂ ನಗರದಲ್ಲಿರುವ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) ರಾಷ್ಟ್ರೀಯ ಸಾಂಪ್ರದಾಯಿಕ ವೈದ್ಯ ಸಂಸ್ಥೆಗೂ ಇದೇ ಪತ್ರವನ್ನು ಕಳುಹಿಸುವುದು ಒಳ್ಳೆಯದು.