ಸರ್ರಾ ಇಂಜೆಕ್ಷನ್ ಕೊಟ್ಟ ಮೇಲೂ ಎಮ್ಮೆಗೆ ಮತ್ತೆ ಜ್ವರ ಬಂದರೆ

ಅಕ್ಕಾ, ಕುಮಟಾದ ನಿಮ್ಮ ಎಮ್ಮೆ ವಿಷಯ ಓದಿದೆ. ಜ್ವರ ಬಂದು ಹೋಗ್ತಿತ್ತು, ಒಂದು ಕಣ್ಣು ಬೆಳ್ಳಗಾಗಿತ್ತು, ರಕ್ತ ನೋಡಿದಾಗ ಸರ್ರಾ, ಅಂದರೆ ಕಚ್ಚುವ ನೊಣದಿಂದ ಹರಡುವ ರಕ್ತದ ಪರೋಪಜೀವಿಯ ರೋಗ ಅಂತ ಗೊತ್ತಾಯಿತು. ಬೆರೆನಿಲ್ ಇಂಜೆಕ್ಷನ್ ಕೊಟ್ಟ ಮೇಲೆ ಮೇವು ತಿಂದಿತು, ಈಗ ಮತ್ತೆ ಜ್ವರ. ಔಷಧವೇ ಡೂಪ್ಲಿಕೇಟ್ ಅಂತ ನಿಮಗೆ ಒಬ್ಬರು ಉತ್ತರ ಬರೆದಿದ್ದಾರೆ. ಅದಕ್ಕಿಂತ ಮೊದಲು ಡೋಸ್ ಸರಿ ಇತ್ತಾ ನೋಡಿ.

ಬೆರೆನಿಲ್‌ನಲ್ಲಿರೋದು ಡಿಮಿನಜಿನ್. ದನ, ಎಮ್ಮೆಗೆ ಒಂದು ಕಿಲೋ ತೂಕಕ್ಕೆ 3.5 ಮಿಲಿಗ್ರಾಂ ಸಾಮಾನ್ಯ ಲೆಕ್ಕ. ಸರ್ರಾಗೆ ಡಾಕ್ಟರು 7ರ ತನಕವೂ ಏರಿಸುತ್ತಾರೆ. 1.05 ಗ್ರಾಂ ಔಷಧ ಇರುವ ಪೊಟ್ಟಣ 3.5ರ ಲೆಕ್ಕದಲ್ಲಿ ಸಾಕಾಗೋದು 300 ಕಿಲೋಗೆ ಮಾತ್ರ. ನಮ್ಮ ಗಿಡ್ಡ ಆಕಳಿಗೆ ಅದರಲ್ಲಿ ಉಳಿಯುತ್ತದೆ, ದೊಡ್ಡ ಎಮ್ಮೆಗೆ ಸಾಲೋದಿಲ್ಲ. ಕಣ್ಣಂದಾಜಿನಲ್ಲಿ ತೂಕ ಹೇಳಬೇಡಿ. ಟೈಲರ್ ಟೇಪ್ ತಗೊಂಡು ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ನೋಡಿ, ಆಮೇಲೆ ಭುಜದ ತುದಿಯಿಂದ ಪೃಷ್ಠದ ಮೂಳೆ ತನಕ ಉದ್ದ ನೋಡಿ. ಎರಡೂ ಇಂಚಿನಲ್ಲಿ ಇರಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕಿಲೋ ಸಿಗುತ್ತದೆ. ಸುತ್ತಳತೆ 70, ಉದ್ದ 56 ಇದ್ದರೆ ಸುಮಾರು 415 ಕಿಲೋ. ಅಂಥ ಎಮ್ಮೆಗೆ ಕಡಿಮೆ ಡೋಸಿಗೇ ಹತ್ತಿರ ಹತ್ತಿರ 1.45 ಗ್ರಾಂ ಬೇಕು. ಒಂದೇ ಪೊಟ್ಟಣ ಹಾಕಿದರೆ ಜ್ವರ ಇಳಿಯುತ್ತದೆ, ಪರೋಪಜೀವಿ ಪೂರ್ತಿ ಸಾಯೋದಿಲ್ಲ. ಅರೆಬರೆ ಡೋಸ್ ಮತ್ತೆ ಮತ್ತೆ ಕೊಟ್ಟರೆ ಔಷಧವನ್ನೇ ತಡೆದುಕೊಳ್ಳುವಂಥದ್ದು ಉಳಿದುಕೊಳ್ಳುತ್ತದೆ. ನನಗೆ ಭಯ ಇರೋದು ಇದರದ್ದೇ.

ಡೋಸ್ ಸರಿ ಇದ್ದೂ ಮರುಕಳಿಸಬಹುದು. ಡಿಮಿನಜಿನ್ ಮಿದುಳಿನೊಳಗೆ ಸರಿಯಾಗಿ ಇಳಿಯೋದಿಲ್ಲ. ಅಲ್ಲಿ ಉಳಿದದ್ದು ಆಮೇಲೆ ರಕ್ತಕ್ಕೆ ಬರುತ್ತದೆ. ಎಮ್ಮೆ ಸುತ್ತು ಹೊಡೆಯುತ್ತಿದ್ದರೆ, ಗೋಡೆಗೆ ತಲೆ ಒತ್ತುತ್ತಿದ್ದರೆ ಅದನ್ನು ಡಾಕ್ಟರಿಗೆ ಬಿಡದೆ ಹೇಳಿ. ರೋಗ ಮರುಕಳಿಸಿದರೆ ಅವರು ಕ್ವಿನಾಪಿರಮಿನ್ ಅನ್ನೋ ಬೇರೆ ಔಷಧಕ್ಕೆ ಬದಲಾಯಿಸಬಹುದು. ಅದರ ಸಲ್ಫೇಟ್ ಭಾಗ ರೋಗ ಇಳಿಸುತ್ತದೆ, ಕ್ಲೋರೈಡ್ ಭಾಗ ನಿಧಾನವಾಗಿ ಕರಗಿ ಕೆಲವು ವಾರ ರೋಗ ಬರದಂತೆ ಕಾಯುತ್ತದೆ. ಚರ್ಮದ ಕೆಳಗೆ ಕೊಡೋದು. ಕೊಟ್ಟ ಮೇಲೆ ಜೊಲ್ಲು, ನಡುಕ ಬರಬಹುದು, ಚುಚ್ಚಿದ ಜಾಗ ಊದಬಹುದು, ಅದಕ್ಕೆ ಡಾಕ್ಟರು ಸ್ವಲ್ಪ ಹೊತ್ತು ಅಲ್ಲೇ ಇರಲಿ. ಗಬ್ಬ ಇದ್ದರೆ ಮೊದಲೇ ತಿಳಿಸಿ. ಹಾಲು ಎಷ್ಟು ದಿನ ಬಿಡಬೇಕು ಅಂತಲೂ ಕೇಳಿಕೊಳ್ಳಿ.

ಮತ್ತೆ ಚುಚ್ಚುವ ಮೊದಲು ಇನ್ನೊಮ್ಮೆ ರಕ್ತ ತೋರಿಸಿ. ಜ್ವರ ಏರಿದ ಹೊತ್ತಿಗೇ ತೆಗೆಸಬೇಕು, ಇಳಿದ ಮೇಲೆ ಸಿಗೋದು ಕಷ್ಟ. ಹಸಿ ಹನಿಯನ್ನು ಕೂಡಲೇ ಮೈಕ್ರೋಸ್ಕೋಪಿನಲ್ಲಿಟ್ಟರೆ ಕೆಂಪು ಕಣಗಳ ನಡುವೆ ಪರೋಪಜೀವಿ ಮಿಸುಕಾಡೋದು ಕಾಣುತ್ತದೆ. ಉಣ್ಣಿಯಿಂದ ಬರುವ ಥೈಲೇರಿಯಾದಲ್ಲೂ ಜ್ವರ, ರಕ್ತಹೀನತೆ ಇರುತ್ತದೆ. ಅದಕ್ಕೆ ಔಷಧವೇ ಬೇರೆ, ಬುಪಾರ್ವಾಕ್ವೋನ್. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಉಣ್ಣಿಯಿಂದಲೇ ಬರುವ ಇನ್ನೊಂದು ರೋಗ, ಬಬೀಸಿಯಾ ಅನುಮಾನ. ಅದಕ್ಕೆ ಡಿಮಿನಜಿನ್ ಕೆಲಸ ಮಾಡುತ್ತದೆ, ಕ್ವಿನಾಪಿರಮಿನ್ ಮಾಡೋದಿಲ್ಲ.

ಸರ್ರಾ ಪರೋಪಜೀವಿ ರಕ್ತದ ಸಕ್ಕರೆಯನ್ನೇ ತಿಂದು ಬದುಕೋದು. ಎಮ್ಮೆ ತೀರಾ ಸೋತಿದ್ದರೆ ಡೆಕ್ಸ್‌ಟ್ರೋಸ್ ಡ್ರಿಪ್ ಬಗ್ಗೆ ಕೇಳಿ. ಅಕ್ಕಚ್ಚಿಗೆ ಸ್ವಲ್ಪ ಜೋನಿಬೆಲ್ಲ ಬೆರೆಸಿ ಇಡಿ, ಆದರೆ ಬಲವಂತವಾಗಿ ಬಾಯಿಗೆ ಹೊಯ್ಯಬೇಡಿ.

ಪಕ್ಕದ ಕೊಟ್ಟಿಗೆಯನ್ನೂ ಮರೀಬೇಡಿ. ದೊಡ್ಡ ಕಚ್ಚುವ ನೊಣ ಒಂದರ ಮೇಲೆ ಕೂತು ರಕ್ತ ಹೀರುವಾಗ ಬಾಲ ಬೀಸಿದರೆ ಹಾರಿ ಇನ್ನೊಂದರ ಮೇಲೆ ಕೂರುತ್ತದೆ. ಬಾಯಲ್ಲಿದ್ದ ಹಸಿ ರಕ್ತ ಸಾಕು, ರೋಗ ದಾಟಲು. ನೋಡಲು ಗಟ್ಟಿಮುಟ್ಟಾಗಿರುವ ಎಮ್ಮೆಯಲ್ಲೂ ಇದು ಅಡಗಿರುತ್ತದೆ, ಕರು ಹಾಕಿದ ಮೇಲೆ ಏಳುತ್ತದೆ. ಹಾಗಾಗಿ ಕೇರಿಯ ಎಲ್ಲರೂ ಒಟ್ಟಿಗೆ ರಕ್ತ ತೋರಿಸಿದರೆ ಒಳ್ಳೆಯದು. ಜ್ವರದ ಎಮ್ಮೆಯನ್ನು ದೂರ ಕಟ್ಟಿ, ಹಗಲು ನೊಣದ ಪರದೆ ಹಾಕಿ, ಹಸಿ ಸಗಣಿ ಮತ್ತು ಕೊಳೆತ ಹುಲ್ಲು ರಾಶಿ ಬೀಳದಂತೆ ನೋಡಿಕೊಳ್ಳಿ.

ನಾಯಿ ಇದೆ ಅಂದಿರಲ್ಲ, ಅದಕ್ಕೂ ಕಣ್ಣು ಬೆಳ್ಳಗಾದರೆ, ಮುಖ ಊದಿದರೆ ತಡ ಮಾಡಬೇಡಿ. ಎಮ್ಮೆಗೆ ತಂದ ಬಾಟಲಿಯಿಂದ ಮಾತ್ರ ಅದಕ್ಕೆ ಚುಚ್ಚಬೇಡಿ, ಡಿಮಿನಜಿನ್ ಸ್ವಲ್ಪ ಜಾಸ್ತಿಯಾದರೂ ನಾಯಿಯ ಮಿದುಳಿಗೆ ಪೆಟ್ಟು. ಡಾಕ್ಟರು ಸಿಗದಿದ್ದರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ, ಸುತ್ತಳತೆ ಮತ್ತು ಉದ್ದ ಬರೆದಿಟ್ಟುಕೊಂಡೇ ಮಾಡಿ.